ಕಡಿಮೆ ಆಳದ ಹವಳದ ದಿಬ್ಬದ ಮ್ಯಾಲ ಡ್ರಿಫ್ಟ್ ಡೈವ್: ನಮ್ಮ ಕಡೆಯಿಂದ ಹೋಗೋರ ತಯಾರಿ ಹೆಂಗಿರಬೇಕು?

ಟಿಳಕವಾಡಿ ಈಜುಗ, ಬೆಳಗಾವಿ

ಎಲ್ಲಾರಿಗೂ ನಮಸ್ಕಾರ್ರಿ. ಓಪನ್ ವಾಟರ್ (ಸ್ಕೂಬಾ ಡೈವಿಂಗಿನ ಮೊದಲ ಹಂತದ) ಸರ್ಟಿಫಿಕೇಟ್ ಇರೋ ಆರು ಮಂದಿ ಲಕ್ಷದ್ವೀಪಕ್ಕ ಹೊಂಟೀವಿ. ಅಲ್ಲಿ 5ರಿಂದ 12 ಮೀಟರ್ ಆಳದ ಹವಳದ ದಿಬ್ಬದ ಮ್ಯಾಲ ಸೆಳವಿನ ಜೋಡಿ ತೇಲಿಕೋತ ಹೋಗೂ ಡೈವ್ ಇಟ್ಟಾರ. ನಿಂತ ನೀರಾಗ ಇಳಿಯೂದು ಎಲ್ಲಾರಿಗೂ ಗೊತ್ತೈತಿ, ಸೆಳವಿಗೆ ಎಲ್ಲಾರೂ ಹೊಸಬರು. ಎಷ್ಟು ಸೆಳವಿದ್ರ ಇಳೀಬಹುದು? ಮುಳುಗಾಕ ಸೊಂಟಕ್ಕ ಹಾಕೂ ವೇಟ್ ಎಷ್ಟು ಕಟ್ಟಬೇಕು? ಮ್ಯಾಲ ಬಂದಾಗ ಬೋಟಿನವರು ನಮ್ಮನ್ನ ಹೆಂಗ ಹುಡುಕ್ತಾರ? ಇದರಾಗ ಪಳಗಿದವರು ಬಿಡಿಸಿ ಹೇಳ್ರಿ. "ಎಚ್ಚರಿಕೆಯಿಂದ ಹೋಗಿ ಬರ್ರಿ" ಅನ್ನೂದಕ್ಕಿಂತ ಅಳತಿ, ಲೆಕ್ಕ ಬೇಕಾಗ್ಯಾವ.

ಘಟಪ್ರಭಾ ದಂಡೆ, ಗೋಕಾಕ

ಈಜುಗ ಅಣ್ಣಾರ, ಸೆಳವಿನ ಲೆಕ್ಕದಿಂದಲೇ ಶುರು ಮಾಡೋಣ. ಅದನ್ನು ಅಳೆಯುವುದು ನಾಟ್‌ನಲ್ಲಿ. 1 ನಾಟ್ ಅಂದರೆ ಗಂಟೆಗೆ 1.85 ಕಿ.ಮೀ., ನಿಮಿಷಕ್ಕೆ ಸುಮಾರು 31 ಮೀಟರ್. ನಾವು ರಸ್ತೆಯಲ್ಲಿ ನಡೆಯುವ ವೇಗದ ಅರ್ಧವೂ ಅಲ್ಲ. ಆದರೂ ಸಿಲಿಂಡರ್, ಜಾಕೆಟ್ (ಗಾಳಿ ತುಂಬಿ-ತೆಗೆದು ತೇಲುವಿಕೆ ಹೊಂದಿಸುವ ಅಂಗಿ) ಹೊತ್ತ ಡೈವರ್ 1 ನಾಟ್‌ಗೆ ಎದುರಾಗಿ ಕೆಲವೇ ನಿಮಿಷ ಈಜಬಲ್ಲ, ಅಷ್ಟರಲ್ಲೇ ಉಸಿರು ಹತ್ತಿ ಗಾಳಿ ಬಡಬಡ ಖರ್ಚಾಗುತ್ತದೆ. ಕಾರಣ, ನೀರಿನ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು, ಅದನ್ನು ಮೀರಿ ಈಜಲು ಬೇಕಾಗುವ ಶಕ್ತಿ ಎಂಟು ಪಟ್ಟು. ಆದ್ದರಿಂದ "ಸ್ವಲ್ಪ ಹಿಂದಕ್ಕೆ ಹೋಗಿ ಆ ಮೀನು ನೋಡಿ ಬರೋಣ" ಅನ್ನುವ ಮಾತೇ ಡ್ರಿಫ್ಟ್‌ನಲ್ಲಿ ಇಲ್ಲ. ದಾಟಿದ್ದು ದಾಟಿತು.

ಮೊದಲ ಸಲದವರಿಗೆ ಅರ್ಧ ನಾಟ್ ಹಿತ. 1 ನಾಟ್ ದಾಟಿದರೆ ಆ ಜಾಗ ಬೇಡ ಅನ್ನಿ, ಸಂಕೋಚ ಬೇಡ. ಅಳೆಯುವುದು ಸುಲಭ. ಮೂರಿಂಗ್‌ಗೆ ಕಟ್ಟಿದ 10 ಮೀಟರ್ ಉದ್ದದ ಬೋಟಿದ್ದರೆ, ಅರ್ಧಕ್ಕಿಂತ ಹೆಚ್ಚು ನೀರು ತುಂಬಿ ದಾರ ಕಟ್ಟಿದ ಬಾಟಲಿಯನ್ನು ಮೂತಿಯ ಹತ್ತಿರ ಬಿಡಿ. ಅದು ಹಿಂಬದಿ ಮುಟ್ಟಲು 20 ಸೆಕೆಂಡ್ ಹಿಡಿದರೆ 1 ನಾಟ್, 40 ಸೆಕೆಂಡ್ ಹಿಡಿದರೆ ಅರ್ಧ ನಾಟ್. ಖಾಲಿ ಬಾಟಲಿ ಬಿಟ್ಟರೆ ಗಾಳಿಯೇ ಅದನ್ನು ತಳ್ಳಿ ಲೆಕ್ಕ ಕೆಡುತ್ತದೆ. ಬೋಟ್ ಕಟ್ಟಿಲ್ಲದಿದ್ದರೆ ಎಂಜಿನ್ ನ್ಯೂಟ್ರಲ್ ಮಾಡಿ ಜಿಪಿಎಸ್ ನೋಡುತ್ತಾರೆ. ಅದರಲ್ಲಿ ಗಾಳಿಯ ಪಾಲೂ ಸೇರಿರುತ್ತದೆ ಅನ್ನುವುದು ನೆನಪಿರಲಿ.

ಇನ್ನು ಸಮಯ. ಗೋಡೆಯ ಕ್ಯಾಲೆಂಡರಿನ ತಿಥಿ ನೋಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ, ಅದರಲ್ಲೂ ಮುಗಿದ ಒಂದೆರಡು ದಿನಕ್ಕೆ, ಭರತ-ಇಳಿತದ ಅಂತರ ಹೆಚ್ಚಿ ಸೆಳವು ಜೋರಾಗುತ್ತದೆ. ಅಷ್ಟಮಿಯ ಆಸುಪಾಸು, ಅದರ ಮರುದಿನಗಳು ಮೆತ್ತಗೆ. ಒಂದು ಭರತಿಯಿಂದ ಇಳಿತಕ್ಕೆ 6 ಗಂಟೆಗಿಂತ ಸ್ವಲ್ಪ ಹೆಚ್ಚು. ಆ ಆರು ಗಂಟೆಯಲ್ಲಿ ನೀರು ಸರಿಯುವ ಪ್ರಮಾಣ ಅಂದಾಜು ಹನ್ನೆರಡರಲ್ಲಿ 1, 2, 3, 3, 2, 1 ಪಾಲು. ಅಂದರೆ ಮೂರನೇ ಮತ್ತು ನಾಲ್ಕನೇ ಗಂಟೆಯಲ್ಲೇ ಅರ್ಧ ನೀರು ಹೋಗಿರುತ್ತದೆ. ಹೊಸಬರು ಆ ಎರಡು ಗಂಟೆ ಬಿಡಬೇಕು. ಭರತಿಯ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುವುದರಿಂದ ನಿನ್ನೆ 9 ಗಂಟೆಗೆ ಚೆನ್ನಾಗಿದ್ದ ಜಾಗ ಮೂರು ದಿನ ಬಿಟ್ಟು 9 ಗಂಟೆಗೆ ಹಾಗೇ ಇರುವುದಿಲ್ಲ. ಇನ್ನೊಂದು: ಲಗೂನಿನ (ದಿಬ್ಬದ ಒಳಗಿನ ಶಾಂತ ನೀರಿನ) ಬಾಯಿಯಲ್ಲಿ ನೀರು ನಿಲ್ಲುವ ಹೊತ್ತು ಮತ್ತು ಕೋಷ್ಟಕದಲ್ಲಿ ಭರತಿಯ ತುದಿ ಅಂತ ಬರೆದ ಹೊತ್ತು ಒಂದೇ ಆಗಿರಬೇಕಿಲ್ಲ. ಅಲೆಗಳು ದಿಬ್ಬ ದಾಟಿಸಿ ಒಳಗೆ ತುಂಬಿದ ನೀರು ಕೂಡ ಆ ಬಾಯಿಯಿಂದಲೇ ಹೊರಬೀಳಬೇಕಲ್ಲ. ಈ ವಿಷಯಕ್ಕೆ ಅಲ್ಲಿಯ ದೋಣಿಯವರ ಮಾತೇ ಪ್ರಮಾಣ.

ಒಳಬರುವ ನೀರಿನಲ್ಲಿ ಇಳಿಯಿರಿ, ಹೊರಹೋಗುವ ನೀರಿನಲ್ಲಿ ಬೇಡ. ಒಳಬರುವುದು ತೆರೆದ ಸಮುದ್ರದ ತಿಳಿನೀರು, ಅದು ನಿಮ್ಮನ್ನು ಲಗೂನಿನ ಕಡೆಗೆ ತರುತ್ತದೆ. ಹೊರಹೋಗುವುದು ಮರಳು ಕದಡಿದ ನೀರು, ನೋಟ ಕಡಿಮೆ, ಒಯ್ಯುವುದು ನಡುಸಮುದ್ರಕ್ಕೆ.

ನವನಗರ, ಬಾಗಲಕೋಟೆ

ಭಾಳ ಚಲೋ ಹೇಳಿದ್ರಿ. ನಂದೊಂದು ಪ್ರಶ್ನೆ: ಹೋಗೂಕಿಂತ ಮೊದಲ ಆಲಮಟ್ಟಿ ಹಿನ್ನೀರಿನಾಗ ಇಲ್ಲಾ ಕೃಷ್ಣಾ ನದಿಯಾಗ ಸೆಳವಿನ ಅಭ್ಯಾಸ ಮಾಡಿಕೊಂಡ್ರ ಹೆಂಗ? ನಮಗ ಹತ್ತಿರ ಐತಿ.

ಗುಮ್ಮಟನಗರಿ, ವಿಜಯಪುರ

ಬ್ಯಾಡ್ರಿ, ಖಂಡಿತ ಬ್ಯಾಡ. ಕೃಷ್ಣೆಯೊಳಗ ಮೊಸಳಿ ಅದಾವ, ಅಥಣಿ, ಜಮಖಂಡಿ ಕಡೆಯವರಿಗೆ ಯಾರೂ ಹೇಳಬೇಕಾಗಿಲ್ಲ. ಅದು ಬಿಟ್ಟರೂ ನದಿ ಸೆಳವಿನ ಗುಣಾನೇ ಬೇರೆ. ಮುಳುಗಿದ ಜಾಲಿಮರ, ಹಳೇ ಪಂಪಿನ ಪೈಪು, ಮೀನಿನ ಬಲಿ ಇವೆಲ್ಲ ನೀರನ್ನ ಹಾಯಗೊಟ್ಟು ಮನುಷ್ಯಾನ್ನ ಹಿಡಕೊಂಡ ಬಿಡ್ತಾವ. ಬೆನ್ನ ಹಿಂದ ಸೆಳವು ಒತ್ತತಿರೂವಾಗ ಅದರಿಂದ ಬಿಡಿಸಿಕೊಳ್ಳಾಕ ಆಗೂದಿಲ್ಲ. ರಾಡಿ ನೀರಾಗ ಅದು ಕಣ್ಣಿಗೂ ಬೀಳೂದಿಲ್ಲ. ಆಲಮಟ್ಟಿಯ ಪೂರ್ಣ ಮಟ್ಟ 519.6 ಮೀಟರ್. 300 ಮೀಟರಿಗಿಂತ ಎತ್ತರದ ನೀರಿನಾಗ ಇಳಿಯೂದು ಎತ್ತರದ ಡೈವಿಂಗ್ ಅನ್ನಿಸಿಕೊಳ್ತೈತಿ, ಎಷ್ಟು ಆಳದಾಗ ಎಷ್ಟೊತ್ತು ಇರಬಹುದು ಅನ್ನೂ ಸಮುದ್ರಮಟ್ಟದ ಕೋಷ್ಟಕ ಅಲ್ಲಿ ನಡೆಯೂದಿಲ್ಲ. ಗೇಟು, ವಿದ್ಯುತ್ ಘಟಕದ ಸೆಳೆತ ಬೇರೆ. ಅನುಮತಿ ಇಲ್ಲದ ಅಲ್ಲಿ ಇಳಿಯೂದೇ ತಪ್ಪು.

ಅಭ್ಯಾಸಕ್ಕ ಈಜುಕೊಳ ಸಾಕು, ಮತ್ತ ಅದೇ ಉತ್ತಮ. ಎರಡು ಮೀಟರ್ ನೀರಾಗ ಕೆಳಗೂ ಮುಟ್ಟದ, ಮ್ಯಾಲೂ ಏಳದ, ಕೈ ಬೀಸದ 5 ನಿಮಿಷ ಅಡ್ಡಡ್ಡ ನಿಲ್ಲಾಕ ಬರ್ತೈತೇನು ನೋಡ್ರಿ. ಅದು ಬಂದವರಿಗೆ ಹವಳದ ದಿಬ್ಬ ಬರ್ತೈತಿ. ಆಳದಾಗ ಮಾಡೂದು ಸರಳ, 2 ಮೀಟರಿನಾಗ ಮಾಡೂದೇ ಕಠಿಣ. ಯಾಕಂದ್ರ 20 ಮೀಟರಿನಿಂದ 15ಕ್ಕ ಬಂದ್ರ ಜಾಕೆಟ್ಟಿನೊಳಗಿನ ಗಾಳಿ ದಡದ ಮ್ಯಾಲಿನದರ 3 ಪಟ್ಟು ಒತ್ತಡದಿಂದ 2.5ಕ್ಕ ಬಂದು ಐದರಾಗ ಒಂದು ಪಾಲು ಹಿಗ್ತೈತಿ. 5 ಮೀಟರಿನಿಂದ ಮ್ಯಾಲ ಬಂದ್ರ ಒಂದೂವರಿ ಪಟ್ಟು ಆಗ್ತೈತಿ. ಅದೇ 5 ಮೀಟರ್ ಅಂತರ, ಏರುಪೇರು ಎರಡೂವರಿ ಪಟ್ಟು. ಕಡಿಮೆ ಆಳ ಅಂದ್ರ ಹಗುರ ಅಂತ ತಿಳಕೊಂಡವರು ಎಡವೂದು ಇಲ್ಲೇ. ಪುಪ್ಪುಸಕ್ಕೂ ಇದೇ ನಿಯಮ. ಉಸಿರು ಬಿಗಿಹಿಡಿದು ಒಂದೂವರಿ ಮೀಟರ್ ಮ್ಯಾಲ ಬಂದ್ರೂ ಪುಪ್ಪುಸ ಹರಿಯಬಹುದು. ಸೆಳವು ಒಮ್ಮಿಗೇ ಮ್ಯಾಲ ಎತ್ತಿದಾಗ ಗಾಬರಿಯಿಂದ ಉಸಿರು ಹಿಡಿಯೂದು ಸಹಜ. ಅದಕ್ಕ "ಉಸಿರು ನಿಲ್ಲಿಸಬ್ಯಾಡ" ಅನ್ನೂದನ್ನ ಕೊಳದಾಗ ರೂಢಿ ಮಾಡಿಕೊಂಡು ಹೋಗ್ರಿ.

ಈಗ ವೇಟಿನ ಲೆಕ್ಕ. ಕೊಳದ ಸಿಹಿನೀರಿಗಿಂತ ಸಮುದ್ರದ ನೀರು ಶೇಕಡಾ 2.5ರಷ್ಟು ಭಾರ. ಮೈ, ಸಿಲಿಂಡರ್, ಸಾಮಾನು ಸೇರಿ 100 ಕೆ.ಜಿ. ಇದ್ರ ಕೊಳದಾಗ ಸರಿಹೋದ ವೇಟಿಗೆ ಸಮುದ್ರದಾಗ 2.5 ಕೆ.ಜಿ. ಕೂಡಸಬೇಕು. ಮುಂದಿನದು ಸಿಲಿಂಡರ್. ನಮ್ಮ ದೇಶದಾಗ ಸಾಮಾನ್ಯವಾಗಿ ಕೊಡೂದು 11 ಲೀಟರಿನ ಅಲ್ಯುಮಿನಿಯಂ ಸಿಲಿಂಡರ್. 200 ಬಾರ್ (ಒತ್ತಡದ ಅಳತಿ) ತುಂಬಿದ್ರ ಒಳಗಿನ ಗಾಳಿನೇ ಎರಡೂವರಿ ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. 50 ಬಾರಿಗೆ ಇಳಿದಾಗ ನೀವು 2 ಕೆ.ಜಿ. ಹಗುರ ಆಗಿರ್ತೀರಿ. ಹಿಂಗಾಗಿ ಡೈವಿನ ಶುರುವಿನಾಗ ಸರಿ ಅನ್ನಿಸಿದ ವೇಟ್ ಕೊನಿಗೆ, ಅದೂ ಮ್ಯಾಲ ಬರೂ ಮೊದಲ ಸುರಕ್ಷತೆಗಂತ 5 ಮೀಟರಿನಾಗ ಮೂರು ನಿಮಿಷ ನಿಲ್ಲಬೇಕಾದಾಗ, ಕಡಿಮಿ ಬೀಳ್ತೈತಿ. ಪರೀಕ್ಷೆ ಮಾಡೂದು 50 ಬಾರ್ ಉಳಿದಾಗ: ಜಾಕೆಟ್ ಪೂರ್ತಿ ಖಾಲಿ ಮಾಡಿ, ಸಾದಾ ಉಸಿರು ಹಿಡಿದು ನಿಂತ್ರ ನೀರು ಕಣ್ಣಿನ ಮಟ್ಟಕ್ಕ ಬರಬೇಕು, ಉಸಿರು ಬಿಟ್ರ ನಿಧಾನಕ್ಕ ಮುಳುಗಬೇಕು. ತುಂಬಿದ ಸಿಲಿಂಡರಿನಿಂದ ಪರೀಕ್ಷೆ ಮಾಡಿದ್ರ ಅದರ ಮ್ಯಾಲ 2 ಕೆ.ಜಿ. ಕೂಡಸ್ರಿ. ಅದಕ್ಕಿಂತ ಜಾಸ್ತಿ ಬ್ಯಾಡ. ವೇಟ್ ಜಾಸ್ತಿ ಇದ್ದವರು ಜಾಕೆಟ್ಟಿಗೆ ಗಾಳಿ ಜಾಸ್ತಿ ತುಂಬತಾರ, ಆ ಗಾಳಿನೇ ಆಮ್ಯಾಲ ಮ್ಯಾಲ-ಕೆಳಗ ಆಡಸ್ತೈತಿ, ಕಾಲು ಕೆಳಗ ಜೋತುಬಿದ್ದು ಫಿನ್ನು (ಕಾಲಿಗೆ ಹಾಕೂ ರೆಕ್ಕಿ) ಹವಳಕ್ಕ ಬಡೀತಾವ.

ಗಾಳಿ ಎಷ್ಟು ಹೊತ್ತು ಬರ್ತೈತಿ ಅಂದ್ರ, ದಡದ ಮ್ಯಾಲ ನಿಮಿಷಕ್ಕ 18 ಲೀಟರ್ ಉಸಿರಾಡೂ ಮನುಷ್ಯಾಗ 8 ಮೀಟರ್ ಆಳದಾಗ 1.8 ಪಟ್ಟು, ಅಂದ್ರ 32 ಲೀಟರ್ ಬೇಕು. 200ರಿಂದ 70 ಬಾರ್ ತನಕ 130 ಬಾರ್ ಬಳಸಿದ್ರ 1,430 ಲೀಟರ್. 45 ನಿಮಿಷ ಆತು. ಅರ್ಧ ನಾಟ್ ಸೆಳವಿನಾಗ ಅಷ್ಟೊತ್ತಿಗೆ 700 ಮೀಟರ್ ದೂರ ಹೋಗಿರ್ತೀರಿ. ಬೋಟಿನವರಿಗೆ ಇಳಿಯೂ ಮೊದಲ ಈ ಅಂಕಿ ಹೇಳ್ರಿ.

ಘಟಪ್ರಭಾ ದಂಡೆ, ಗೋಕಾಕ

ಗುಮ್ಮಟನಗರಿಯವರ ಲೆಕ್ಕಕ್ಕೆ ಜೋಡಿಸಿ ನೀರಿನೊಳಗಿನ ನಡೆಯನ್ನು ಬರೆಯುತ್ತೇನೆ.

ಡ್ರಿಫ್ಟ್‌ನಲ್ಲಿ ಗುಂಪು ಚದುರುವುದಕ್ಕೆ ದೊಡ್ಡ ಕಾರಣ ಈಜಿನ ವೇಗವಲ್ಲ, ಎತ್ತರದ ವ್ಯತ್ಯಾಸ. ಹವಳಕ್ಕೆ ತಿಕ್ಕಿ ಹರಿಯುವ ನೀರು ನಿಧಾನ, ಒಂದೆರಡು ಮೀಟರ್ ಮೇಲಿನ ನೀರು ಚುರುಕು. ಇಬ್ಬರೂ ಕಾಲು ಆಡಿಸದಿದ್ದರೂ ಮೇಲಿದ್ದವರು ಮುಂದೆ ಹೋಗಿಬಿಡುತ್ತಾರೆ. ಹಿಂದುಳಿದ ಜೊತೆಗಾರರಿಗಾಗಿ ಕಾಯಬೇಕಾದರೆ ಎದುರೀಜಬೇಡಿ. ಸ್ವಲ್ಪ ಕೆಳಗಿಳಿಯಿರಿ, ವೇಗ ತಾನೇ ತಗ್ಗುತ್ತದೆ. ಇಲ್ಲವೇ ದೊಡ್ಡ ಬಂಡೆಯ ಹಿಂಬದಿಗೆ ಸರಿದು ಸೆಳವಿಗೆ ಮುಖ ಮಾಡಿ ನಿಲ್ಲಿ. ಅಲ್ಲಿ ನೀರು ಸುತ್ತಿ ಮೆತ್ತಗಿರುತ್ತದೆ. ಎಲ್ಲರೂ ಮುಂದಾಳಿನ ಎತ್ತರದಲ್ಲೇ, ಹವಳದಿಂದ ಒಂದೂವರೆ-ಎರಡು ಮೀಟರ್ ಮೇಲೆ, ಜೋಡಿಯ ನಡುವೆ ಎರಡು-ಮೂರು ಮೀಟರ್ ಬಿಟ್ಟು ಸಾಗಬೇಕು. ಮುಂದಾಳನ್ನು ದಾಟಬಾರದು.

ಪಕ್ಕಕ್ಕೆ ಸರಿಯುವುದು ಮಾತ್ರ ನಮ್ಮ ಕೈಯಲ್ಲಿರುವ ಚಾಲನೆ. ನದಿ ದಾಟುವ ಹರಗೋಲಿನವನು ದಡಕ್ಕೆ ನೇರ ಹುಟ್ಟು ಹಾಕದೆ ಮೂತಿಯನ್ನು ಸೆಳವಿನ ಕಡೆ ಓರೆ ಮಾಡಿಕೊಳ್ಳುತ್ತಾನಲ್ಲ, ಹಾಗೆಯೇ 45 ಡಿಗ್ರಿ ಓರೆಯಾಗಿ ನಿಂತು ಮೆಲ್ಲಗೆ ಕಪ್ಪೆಕಾಲು ಹಾಕಿದರೆ ಸೆಳವೇ ಅಡ್ಡಕ್ಕೆ ಸರಿಸುತ್ತದೆ. ಎದುರಿಗೆ ಬಂಡೆ ಕಂಡಾಗ 10 ಮೀಟರ್ ಮೊದಲೇ ಸರಿಯಲು ಶುರು ಮಾಡಿ. ಅರ್ಧ ನಾಟ್‌ನಲ್ಲೂ 10 ಮೀಟರ್ ಅಂದರೆ 40 ಸೆಕೆಂಡ್ ಮಾತ್ರ.

ದಿಬ್ಬದ ನೆತ್ತಿ ಹತ್ತಿರವಾದಂತೆ ನೀರು ಹರಿಯುವ ಜಾಗ ಕಿರಿದಾಗಿ ಸೆಳವು ಏರುತ್ತದೆ. ಎರಡು ದಿಬ್ಬದ ನಡುವಿನ ಸಂದಿಯಲ್ಲೂ ಅಷ್ಟೇ. ಅಲೆ ಒಡೆಯುವ ನೆತ್ತಿಯ ಮೇಲೆ ಯಾವತ್ತೂ ಹೋಗಬಾರದು. ಉಬ್ಬಲೆ ಇದ್ದ ದಿನ 5 ಮೀಟರಿಗಿಂತ ಕಡಿಮೆ ಆಳಕ್ಕೆ ಏರದೆ ಆಳದ ಕಡೆ ಓರೆಯಾಗಿ ಸರಿಯಿರಿ. ದಿಬ್ಬದ ಅಂಚಿನಲ್ಲಿ ನೀರು ಕೆಳಕ್ಕೆ ಸುರಿಯುವ ಜಾಗಗಳೂ ಇವೆ. ನಿಮ್ಮ ಗುಳ್ಳೆ ಮೇಲೆ ಹೋಗದೆ ಸುತ್ತಲೇ ಸುಳಿದರೆ, ಮೀನುಗಳ ಮೂತಿ ಮೇಲ್ಮುಖವಾಗಿದ್ದರೆ, ಅದೇ ಸೂಚನೆ. ಮೀನು ಯಾವಾಗಲೂ ಸೆಳವಿಗೆ ಎದುರಾಗಿ ನಿಲ್ಲುತ್ತದೆ. ಅಲ್ಲಿ ಮೇಲಕ್ಕೆ ಒದ್ದಾಡದೆ ಅಂಚಿನಿಂದ ಅಡ್ಡಕ್ಕೆ ದೂರ ಈಜಿ, ಜಾಕೆಟ್ಟಿಗೆ ಸ್ವಲ್ಪ ಗಾಳಿ ಕೊಡಿ. ಸುರಿತ ಬಿಟ್ಟ ಕೂಡಲೇ ಆ ಗಾಳಿ ತೆಗೆಯಿರಿ, ಮರೆತರೆ ಬೆಂಡಿನಂತೆ ಮೇಲೆ ಹೋಗುತ್ತೀರಿ.

ಜೊತೆಗಾರ ಕಾಣದಾದರೆ ಒಂದು ನಿಮಿಷ ಸುತ್ತ ನೋಡಿ, ಮೇಲೆ ಬನ್ನಿ. ಅದಕ್ಕಿಂತ ಹೆಚ್ಚು ಹುಡುಕುವುದು ವ್ಯರ್ಥ, ಅಷ್ಟರಲ್ಲಿ ಇಬ್ಬರೂ ಬೇರೆ ಬೇರೆ ನೀರಿನಲ್ಲಿರುತ್ತೀರಿ. ಏರುವ ವೇಗ ನಿಮಿಷಕ್ಕೆ 9 ಮೀಟರ್ ಮೀರಬಾರದು.

ಮಲಪ್ರಭಾ, ಸವದತ್ತಿ

ಮೂರನೇ ಪ್ರಶ್ನೆಗೆ, ಅಂದರೆ ಬೋಟಿನವರು ಹೇಗೆ ಹುಡುಕುತ್ತಾರೆ ಅನ್ನುವುದಕ್ಕೆ, ನನ್ನ ಉತ್ತರ: ಅವರು ಹುಡುಕುವ ಹಾಗೆ ಆಗಲೇಬಾರದು. ನೀವೇ ಕಾಣಿಸಬೇಕು. ಸಣ್ಣ ಅಲೆಗಳ ನಡುವೆ ಬರೀ ತಲೆ ಕೆಲವು ನೂರು ಮೀಟರಿನಾಚೆ ಕಾಣುವುದೇ ಇಲ್ಲ. ಕಿತ್ತಳೆ ಬಣ್ಣದ ನಿಂತ ಬಲೂನು ಅಷ್ಟೇ ದೂರದಿಂದ ಚೆನ್ನಾಗಿ ಕಾಣುತ್ತದೆ. ಅದನ್ನೇ ಎಸ್‌ಎಂಬಿ ಅನ್ನುವುದು. ಕನಿಷ್ಠ ಒಂದೂವರೆ ಮೀಟರ್ ಉದ್ದದ್ದು, 15 ಮೀಟರ್ ದಾರ ಸುತ್ತಿದ ಸ್ಪೂಲ್ ಜೊತೆ, ಪ್ರತಿ ಜೋಡಿಗೆ ಒಂದು. ಒಬ್ಬರಿಗೊಂದು ಇದ್ದರೆ ಇನ್ನೂ ಒಳ್ಳೆಯದು. ಬಾಡಿಗೆಗೆ ಸಿಗದಿದ್ದರೆ ಕೊಂಡುಕೊಂಡೇ ಹೋಗಿ.

ಬಿಡುವ ಕ್ರಮ ಹೀಗೆ. 5-6 ಮೀಟರಿಗೆ ಬಂದು ಸಮತೋಲನದಲ್ಲಿ ನಿಲ್ಲಿ. ಮೇಲೆ ನೋಡಿ, ಕಿವಿಗೊಡಿ, ಬೋಟ್ ತಲೆಯ ಮೇಲಿರಬಾರದು. ಬಲೂನನ್ನು ಬಿಡಿಸಿ, ಸ್ಪೂಲನ್ನು ಬೆರಳಲ್ಲಿ ಹಿಡಿದು ಕೈ ಚಾಚಿ. ದಾರ ಸಿಲಿಂಡರಿನ ಕುತ್ತಿಗೆಗೋ ಮೆದುಗೊಳವೆಗೋ ಸುತ್ತಿಕೊಂಡಿಲ್ಲ ಅಂತ ಜೊತೆಗಾರ ನೋಡಬೇಕು. ಆಮೇಲೆ ಬಾಯಿಯಿಂದ ಊದಿ ಬಿಟ್ಟುಬಿಡಿ. ಕಡಿಮೆ ಆಳದಲ್ಲಿ ಜನ ಎಡವುವುದು ಇಲ್ಲಿ. 20 ಮೀಟರಿನಿಂದ ಬಿಟ್ಟ ಬಲೂನಿಗೆ ಒಂದೇ ಉಸಿರು ಕೊಟ್ಟರೂ ಮೇಲೆ ಹೋಗುತ್ತಾ ಮೂರು ಪಟ್ಟು ಹಿಗ್ಗುತ್ತದೆ. 5 ಮೀಟರಿನಿಂದ ಹಿಗ್ಗುವುದು ಒಂದೂವರೆ ಪಟ್ಟು ಮಾತ್ರ. ಹತ್ತು ಲೀಟರಿನ ಬಲೂನು ಗಟ್ಟಿಯಾಗಿ ನಿಲ್ಲಬೇಕಾದರೆ ಕೆಳಗೇ ಏಳು ಲೀಟರಿನಷ್ಟು ತುಂಬಬೇಕು. ಏಳು ಲೀಟರ್ ಅಂದರೆ ಏಳು ಕೆ.ಜಿ. ಎಳೆತ! ಅಷ್ಟನ್ನು ಹಿಡಿದುಕೊಂಡೇ ಊದುತ್ತಿದ್ದರೆ ಅದು ನಿಮ್ಮನ್ನೂ ಎತ್ತಿಕೊಂಡು ಹೋಗುತ್ತದೆ. ಆದ್ದರಿಂದ ಎರಡು ಉಸಿರು ಊದಿ ಬಿಡಿ. ಮೇಲೆ ಹೋದಮೇಲೆ ದಾರವನ್ನು ಬಿಗಿಯಾಗಿ ಕೆಳಕ್ಕೆ ಎಳೆದು ಹಿಡಿದರೆ ಒಳಗಿನ ಗಾಳಿ ತುದಿಗೆ ಸೇರಿ ಬಲೂನು ಸೆಟೆದು ನಿಲ್ಲುತ್ತದೆ. ನೀರಿನ ಮೇಲೆ ಬಂದಮೇಲೆ ಉಳಿದದ್ದನ್ನು ಊದಿ.

ಸ್ಪೂಲನ್ನು ಮೈಗೆ ಕೊಕ್ಕೆ ಹಾಕಿಕೊಳ್ಳಬಾರದು. ದಾರ ಸಿಕ್ಕಿಕೊಂಡರೆ ಕೈಬಿಡಿ. ಹೋಗುವುದು ಒಂದು ಸ್ಪೂಲ್ ಮಾತ್ರ.

ಗುಂಪಿನಲ್ಲಿ ಯಾರಾದರೂ ಒಬ್ಬರು 70 ಬಾರ್ ಮುಟ್ಟಿದರೆ ಎಲ್ಲರೂ ಒಟ್ಟಿಗೆ ಮೇಲೆ ಬರುವುದು ಮೊದಲ ಡ್ರಿಫ್ಟ್‌ಗೆ ಸರಿಯಾದ ನಿಯಮ. ಒಂದು ಬೋಟ್ ಒಂದು ಬಲೂನನ್ನಷ್ಟೇ ಹಿಂಬಾಲಿಸಬಲ್ಲದು.

ಮೇಲೆ ಬಂದಮೇಲೂ ಮಾಸ್ಕ್ ಮುಖದಲ್ಲೇ, ರೆಗ್ಯುಲೇಟರ್ (ಸಿಲಿಂಡರಿನ ಗಾಳಿ ಉಸಿರಾಡುವ ಸಾಧನ) ಬಾಯಲ್ಲೇ ಇರಲಿ. ಜಾಕೆಟ್ ತುಂಬಿ, ಒಬ್ಬರನ್ನೊಬ್ಬರು ಹಿಡಿದು ನಿಲ್ಲಿ, ತಲೆ ಮೇಲೆ ಕೈ ಇಟ್ಟು ಸರಿ ಇದ್ದೇವೆ ಅಂತ ತೋರಿಸಿ. ಬೋಟಿನ ಕಡೆ ಈಜಬೇಡಿ, ಬೋಟೇ ಬರಲಿ. ಎಂಜಿನ್ ನ್ಯೂಟ್ರಲ್ ಆಯಿತು ಅಂತ ಅವರು ಕೂಗಿ ಹೇಳುವ ತನಕ ಏಣಿ ಮುಟ್ಟಬಾರದು. ಏಣಿ ಹಿಡಿದ ಮೇಲೆಯೇ ಫಿನ್ ಬಿಚ್ಚಬೇಕು. ಮೊದಲೇ ಬಿಚ್ಚಿ ಕೈತಪ್ಪಿದರೆ ಸೆಳವಿನಲ್ಲಿ ಫಿನ್ ಇಲ್ಲದ ಡೈವರ್ ಏನೂ ಮಾಡಲಾರ. ಏಣಿಯ ಮೇಲಿರುವವರ ಕೆಳಗೆ ಯಾರೂ ನಿಲ್ಲಬಾರದು. ಹತ್ತಿದ ಮೇಲೆ ಹಾಜರಿ ಹೆಸರು ಕೂಗಿ, ಪ್ರತಿಯೊಬ್ಬರೂ ಓ ಅನ್ನಬೇಕು. ಬರೀ ತಲೆ ಎಣಿಸಿದರೆ ತಪ್ಪುತ್ತದೆ.

ಘಟಪ್ರಭಾ ದಂಡೆ, ಗೋಕಾಕ

ಮಲಪ್ರಭಾ ಅಕ್ಕಾರ ಕ್ರಮ ಪೂರ್ತಿ ಒಪ್ಪುತ್ತೇನೆ. ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. 12 ಮೀಟರ್ ಒಳಗಿನ ಡ್ರಿಫ್ಟ್‌ನಲ್ಲಿ ಮುಂದಾಳು ಇಳಿದ ಕ್ಷಣದಿಂದಲೇ ಮೇಲೆ ತೇಲುವ ಬುರುಡೆಯನ್ನು ಎಳೆದುಕೊಂಡು ಹೋಗುವುದು ಮೇಲು. ಬೋಟಿಗೆ 45 ನಿಮಿಷವೂ ಗುಂಪು ಎಲ್ಲಿದೆ ಅಂತ ಗೊತ್ತಿರುತ್ತದೆ. ಕಡಿಮೆ ಆಳದಲ್ಲಿ ಮೀನುಗಾರರ ದೋಣಿಗಳೂ ಓಡಾಡುತ್ತಿರುತ್ತವೆ.

ಮಲಪ್ರಭಾ, ಸವದತ್ತಿ

ಮುಂದಾಳು ಪಳಗಿದವರಾಗಿದ್ದರೆ ಸರಿ ಅಣ್ಣಾ. ಆದರೆ ಗಾಳಿ ಸೆಳವಿಗೆ ಎದುರಾಗಿ ಬೀಸುವ ದಿನ ಬುರುಡೆ ಹಿಂದಕ್ಕೆ ಎಳೆಯುತ್ತದೆ, ದಾರ ಓರೆಯಾಗಿ ಹವಳದ ಕೊಂಬೆಗೆ ತೊಡರಿ ಮುರಿಯುತ್ತದೆ. ದಾರ 12 ಮೀಟರ್ ಆಳಕ್ಕೆ 15 ಮೀಟರ್ ಮೀರದಂತೆ, ಸಡಿಲು ಬಿದ್ದದ್ದನ್ನು ಆಗಾಗ ಸುತ್ತಿಕೊಳ್ಳುತ್ತಾ ಹೋಗುವವರಿಗೆ ಮಾತ್ರ ಅದು. ಹೊಸಬರ ಕೈಗೆ ಕೊಡಬಾರದು. ಬುರುಡೆ ಇದ್ದರೂ ಪ್ರತಿ ಜೋಡಿಯ ಬಳಿ ತಮ್ಮ ಬಲೂನು ಇರಲೇಬೇಕು. ಗಾಳಿ-ಸೆಳವು ಎದುರುಬದುರಾದ ದಿನ ಅಲೆ ಕಡಿದಾಗಿ ಎದ್ದು ಬೋಟಿನವರಿಗೆ ಏನೂ ಕಾಣದು. ಆ ದಿನ ಇಳಿಯದಿರುವುದೇ ಲೇಸು.

ಟಿಳಕವಾಡಿ ಈಜುಗ, ಬೆಳಗಾವಿ

ಭಾಳ ಉಪಕಾರ ಆತ್ರಿ. ಇಳಿಯೂ ರೀತಿ ಬಗ್ಗೆ ಒಂದು ಮಾತು. ಜಾಕೆಟ್ಟಿನಾಗ ಗಾಳಿ ಇಲ್ಲದ ಸೀದಾ ಕೆಳಗ ಹೋಗಬೇಕು ಅಂತಾರ. ಹೊಸಬರಿಗೆ ಅದು ಸುರಕ್ಷಿತ ಏನ್ರಿ? ಮತ್ತ ಕೈಗವಸು, ರೀಫ್ ಹುಕ್ ತಗೊಂಡು ಹೋಗಬೇಕೇನು?

ಗುಮ್ಮಟನಗರಿ, ವಿಜಯಪುರ

ಮೊದಲ ಸಲಕ್ಕ ಬ್ಯಾಡ. ಜಾಕೆಟ್ ಅರ್ಧ ತುಂಬಿ, ಒಂದು-ಎರಡು-ಮೂರು ಎಣಿಸಿ ಎಲ್ಲಾರೂ ಒಮ್ಮಿಗೇ ಹಿಂದಕ್ಕ ಉರುಳಿ ಬೀಳ್ರಿ, 20 ಸೆಕೆಂಡಿನಾಗ ಕೂಡಿಕೊಂಡು ಒಟ್ಟಿಗೆ ಇಳೀರಿ. ಇಳಿಯೂ ಜಾಗ ನೋಡಬೇಕಾದ ದಿಬ್ಬಕ್ಕಿಂತ ಮೇಲ್ಹರಿವಿಗೆ ಇರಬೇಕು. ಅರ್ಧ ನಾಟಿನಾಗ ಇಳಿಯಾಕ ಎರಡು ನಿಮಿಷ ಹಿಡಿದ್ರ 30 ಮೀಟರ್ ಸರಕೊಂಡಿರ್ತೀರಿ. ಒಬ್ಬೊಬ್ಬರಾಗಿ ಜಿಗಿದ್ರ, ಇಬ್ಬರ ನಡುವ 15 ಸೆಕೆಂಡ್ ಅಂದ್ರೂ ಆರನೇಯವರು ಬೀಳೂದರಾಗ ಮೊದಲನೇಯವರು 20 ಮೀಟರ್ ದೂರ ಹೋಗಿರ್ತಾರ.

ಖಾಲಿ ಜಾಕೆಟ್ಟಿನಿಂದ ಇಳಿಯೂದು ಪಳಗಿದ ಮ್ಯಾಲ ಮಾಡೂ ಕೆಲಸ. ಅದಕ್ಕ ಮೊದಲ ಮಾಡಲೇಬೇಕಾದ ಪರೀಕ್ಷೆ ಒಂದೈತಿ, ಹೆಂಗ ಇಳಿದ್ರೂ ಇದನ್ನ ಬಿಡಬಾರದು: ಗಾಳಿ ಒತ್ತಡದ ಮಾಪಕದ ಮುಳ್ಳು ನೋಡಿಕೋತ ರೆಗ್ಯುಲೇಟರಿನಿಂದ ನಾಲ್ಕು ದೊಡ್ಡ ಉಸಿರು ಎಳೀರಿ. ಮುಳ್ಳು ಅಲುಗಿದ್ರ ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿಲ್ಲ ಅಂತ ಅರ್ಥ. ಮುಚ್ಚಿದ ವಾಲ್ವ್ ಇದ್ದವರು ಕೊಳವಿಯೊಳಗ ಉಳಿದ ಗಾಳಿಯಿಂದ ಬೋಟಿನ ಮ್ಯಾಲ ಎರಡು ಉಸಿರು ತಗೋತಾರ, ನೀರಾಗ ಬಿದ್ದಮ್ಯಾಲ ಗಾಳಿ ನಿಲ್ತೈತಿ. ಖಾಲಿ ಜಾಕೆಟ್, ಮ್ಯಾಲ ವೇಟು, ಜಾಕೆಟ್ಟಿಗೆ ತುಂಬಾಕೂ ಗಾಳಿ ಇಲ್ಲ. ಕೇಡಿಗೆ ಇನ್ನೇನು ಬೇಕು? ಹಂಗ ಆದ್ರ ಮಾಡೂದು ಒಂದೇ: ವೇಟ್ ಬೆಲ್ಟ್ ಬಿಚ್ಚಿ ಒಗೀರಿ. ಬಕಲ್ ಯಾವ ಕಡಿ ಬಿಚ್ತೈತಿ ಅನ್ನೂದು ಕಣ್ಣು ಮುಚ್ಚಿದ್ರೂ ಗೊತ್ತಿರಬೇಕು.

ಕೈಗವಸು ಬ್ಯಾಡ. ಗವಸು ಹಾಕಿದ ಕೈ ಹಿಡಿಯಾಕ ಹೋಗ್ತೈತಿ. ಮೆಕ್ಸಿಕೋದ ಕೊಸುಮೆಲ್ ಡ್ರಿಫ್ಟ್ ಡೈವಿಂಗಿಗೆ ಹೆಸರಾದ ಜಾಗ, ಅಲ್ಲಿಯ ಸಮುದ್ರ ಉದ್ಯಾನದೊಳಗ ಕೈಗವಸು, ಚಾಕು ಎರಡಕ್ಕೂ ನಿಷೇಧ ಐತಿ. ಹುಕ್ಕೂ ಬ್ಯಾಡ. ಅದು ಆಳದ ಬೋಳು ಬಂಡಿಗೆ ಸಿಗಿಸಿ ನಿಲ್ಲೂ ಸಾಮಾನು, ಜೀವಂತ ಹವಳ ಹಾಸಿದ ದಿಬ್ಬದ ಮ್ಯಾಲ ಅದಕ್ಕ ಜಾಗಾನೇ ಇಲ್ಲ. ಉರಿಹವಳ, ಕಡಲಮುಳ್ಳುಗಳಿಂದ ಕಾಪಾಡಿಕೊಳ್ಳಾಕ 3 ಎಂಎಂ ಪೂರ್ಣ ಸೂಟ್ ಹಾಕ್ರಿ. ಸನ್‌ಸ್ಕ್ರೀನ್ ಬಳಕೊಳ್ಳೂದೂ ಉಳೀತೈತಿ. ಮೊದಲ ಡ್ರಿಫ್ಟಿಗೆ ಕ್ಯಾಮೆರಾನೂ ಬೋಟಿನಾಗ ಬಿಡ್ರಿ. ಮಾಪಕ, ಬದಲಿ ರೆಗ್ಯುಲೇಟರ್ ಎದಿಗೆ ಕ್ಲಿಪ್ ಹಾಕ್ರಿ, ಜೋತಾಡಬಾರದು.

ಬಾದಾಮಿ ಕೆಂಗಲ್ಲು, ಬಾದಾಮಿ

ಹವಳದ ಬಗ್ಗೆ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ನಾವು ನೋಡಲು ಹೋಗುವುದೇ ಅದನ್ನು. ಗುಂಡುಬಂಡೆಯಂಥ ಪೋರೈಟಿಸ್ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು 1 ಸೆಂಟಿಮೀಟರ್. ಒಂದು ಆಳೆತ್ತರದ ಬಂಡೆ ಅಂದರೆ ನೂರು ವರ್ಷಕ್ಕೂ ಮೀರಿದ ಜೀವ. ಕೊಂಬೆಯಂಥ ಅಕ್ರೋಪೊರಾ ಬೇಗ ಬೆಳೆಯುತ್ತದೆ, ಹಾಗೆಯೇ ಫಿನ್ನಿನ ಒಂದೇ ಏಟಿಗೆ ಮುರಿಯುತ್ತದೆ. ಮುಟ್ಟಿದರೂ ಸಾಕು, ಮೇಲಿನ ಲೋಳೆಪದರ ಕಿತ್ತು ರೋಗಕ್ಕೆ ದಾರಿಯಾಗುತ್ತದೆ. ಕಾಲಿನಿಂದ ಎದ್ದ ಮರಳು ಕೂತರೆ ಅದನ್ನು ತಳ್ಳಿಕೊಳ್ಳುವುದಕ್ಕೇ ಆ ಜೀವಿಯ ಶಕ್ತಿ ಹೋಗುತ್ತದೆ. ಲಕ್ಷದ್ವೀಪದ ದಿಬ್ಬಗಳು 1998, 2010, 2016 ಮತ್ತು 2024ರಲ್ಲಿ ನೀರು ಬಿಸಿಯೇರಿ ಬಿಳಿಚಿಕೊಂಡಿವೆ. ಚೇತರಿಸಿಕೊಳ್ಳುತ್ತಿರುವ ಮರಿ ಹವಳ ಬೆರಳುದ್ದವೂ ಇರುವುದಿಲ್ಲ, ಸತ್ತ ಬಂಡೆ ಅಂದುಕೊಂಡು ಕೈಯಿಡುವುದು ಅದರ ಮೇಲೆಯೇ.

ಅನಿವಾರ್ಯವಾಗಿ ತಡೆದು ನಿಲ್ಲಬೇಕಾದಾಗ ಮರಳಿನ ಜಾಗದಲ್ಲಿ ಎರಡು ಬೆರಳು ಊರಿ, ಅಷ್ಟೇ. ದಡದಲ್ಲಿ ಬಿದ್ದ ಹವಳದ ತುಂಡನ್ನೂ ಊರಿಗೆ ತರಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಗಟ್ಟಿ ಹವಳಗಳೆಲ್ಲ ಹುಲಿಯಿರುವ ಮೊದಲ ಪಟ್ಟಿಯಲ್ಲೇ ಇವೆ, ಸತ್ತ ತುಂಡಿಗೂ ವಿನಾಯಿತಿ ಇಲ್ಲ.

ನವನಗರ, ಬಾಗಲಕೋಟೆ

ಲಕ್ಷದ್ವೀಪಕ್ಕ ಹೋಗೂ ಮೊದಲ ನೇತ್ರಾಣಿ ದ್ವೀಪದಾಗ ಒಮ್ಮಿ ಕೈ ಪಳಗಿಸಿಕೊಂಡ್ರ ಚಲೋ ಅಲ್ರಿ? ಬೆಳಗ್ಗೆ ಡೈವ್ ಮುಗಿಸಿ ರಾತ್ರಿ ಊರಿಗೆ ಬರಬಹುದು.

ಘಟಪ್ರಭಾ ದಂಡೆ, ಗೋಕಾಕ

ನೇತ್ರಾಣಿ ಒಳ್ಳೆಯ ಯೋಚನೆ. ಮುರುಡೇಶ್ವರದಿಂದ 19 ಕಿ.ಮೀ. ಸಮುದ್ರದಲ್ಲಿದೆ, ಹವಳವೂ ಇದೆ, ಮಳೆಗಾಲ ಬಿಟ್ಟು ಉಳಿದ ತಿಂಗಳು ಬೋಟ್ ಹೋಗುತ್ತವೆ. ಆದರೆ ರಾತ್ರಿ ಊರಿಗೆ ಬರುವ ಯೋಚನೆ ಕೈಬಿಡಿ. ನಮ್ಮ ಕಡೆಯವರು ಯಾರೂ ಲಕ್ಷ್ಯ ಕೊಡದ ಅಪಾಯ ಇದೇ.

ಡೈವ್ ಆದಮೇಲೆ ವಿಮಾನ ಹತ್ತಬಾರದು ಅಂತ ಎಲ್ಲರಿಗೂ ಗೊತ್ತು. ಘಟ್ಟ ಹತ್ತುವುದೂ ಅದೇ ಲೆಕ್ಕದ್ದು. ಡೈವರುಗಳ ಸುರಕ್ಷತಾ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನ ಮಾರ್ಗಸೂಚಿ ಪ್ರಕಾರ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಹಲವು ದಿನ ಇಳಿದಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ವಿಮಾನದೊಳಗಿನ ಒತ್ತಡ 2,000 ಅಡಿಯಿಂದ 8,000 ಅಡಿ ಎತ್ತರಕ್ಕೆ ಸಮನಾಗಿದ್ದಾಗ ಇದು ಅನ್ವಯ. 2,000 ಅಡಿ ಅಂದರೆ 610 ಮೀಟರ್. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಗೋವಾದಿಂದ ಬರುವ ಚೋರ್ಲಾ ಘಾಟ್ ಅದಕ್ಕಿಂತಲೂ ಸ್ವಲ್ಪ ಮೇಲೆ. ಬಾಗಲಕೋಟೆ ತಗ್ಗಿನಲ್ಲಿದೆಯಲ್ಲ ಅನ್ನಬಹುದು, ಆದರೆ ಅಂಕೋಲಾ, ಯಲ್ಲಾಪುರದ ಮೇಲೆ ಬರುವ ದಾರಿ 600 ಮೀಟರ್ ದಾಟಿದ ಹುಬ್ಬಳ್ಳಿಯ ಮೂಲಕವೇ ಬರಬೇಕು. ವಿಜಯಪುರದವರಿಗೂ ಅದೇ ದಾರಿ. ಬೆಳಗ್ಗೆ 11ಕ್ಕೆ ಎರಡನೇ ಡೈವ್ ಮುಗಿಸಿ ಕಾರು ಹತ್ತಿದರೆ ನಾಲ್ಕೈದು ಗಂಟೆಯಲ್ಲಿ ಘಟ್ಟದ ಮೇಲಿರುತ್ತೀರಿ. ರಕ್ತದಲ್ಲಿ ಕರಗಿದ ಸಾರಜನಕ ಅಷ್ಟರಲ್ಲಿ ಪೂರ್ತಿ ಹೊರಹೋಗಿರುವುದಿಲ್ಲ, ಎತ್ತರದಲ್ಲಿ ಒತ್ತಡ ಇಳಿದಾಗ ಅದು ಗುಳ್ಳೆಯಾಗಬಹುದು. ಕಡಿಮೆ ಆಳದ ಡೈವ್‌ನಲ್ಲಿ ಅದರ ಪ್ರಮಾಣ ಕಡಿಮೆ ಅನ್ನುವುದು ನಿಜ. ಹಾಗಂತ ನಿಯಮ ಮುರಿಯಲು ಅದು ನೆಪವಾಗಬಾರದು. ರಾತ್ರಿ ಮುರುಡೇಶ್ವರದಲ್ಲೇ ಉಳಿದು, 18 ಗಂಟೆ ಲೆಕ್ಕ ಹಾಕಿ ಮರುದಿನ ಬೆಳಗ್ಗೆ ಹೊರಡಿ.

ಇನ್ನೂ ಮುಖ್ಯವಾದದ್ದು ಒಂದಿದೆ. ಡೈವ್ ಆದಮೇಲೆ ಕೀಲು ನೋವು, ಜೋಮು, ತಲೆಸುತ್ತು, ಮೈಮೇಲೆ ಕಲೆ, ಅಸಹಜ ಸುಸ್ತು ಕಂಡರೆ "ನಮ್ಮೂರ ಡಾಕ್ಟರ ಹತ್ತಿರ ಹೋಗೋಣ" ಅಂತ ಘಟ್ಟ ಹತ್ತಿಸಬೇಡಿ. ಎತ್ತರ ಏರಿದಷ್ಟೂ ಗುಳ್ಳೆ ಹಿಗ್ಗಿ ಹಾನಿ ಹೆಚ್ಚುತ್ತದೆ. ಮಲಗಿಸಿ, ಶೇಕಡಾ 100 ಆಮ್ಲಜನಕ ಕೊಡಿಸಿ, ಎಚ್ಚರವಿದ್ದರೆ ನೀರು ಕುಡಿಸಿ, ಕರಾವಳಿಯ ಆಸ್ಪತ್ರೆಗೇ ಒಯ್ಯಿರಿ. ಇದಕ್ಕೆ ಚಿಕಿತ್ಸೆ ಕೊಡುವ ಒತ್ತಡ ಕೋಣೆ ಇರುವ ಹತ್ತಿರದ ಜಾಗ ಯಾವುದು, ಬೋಟಿನಲ್ಲಿ ಆಮ್ಲಜನಕದ ಕಿಟ್ ಇದೆಯಾ ಅಂತ ದುಡ್ಡು ಕಟ್ಟುವ ಮೊದಲೇ ಡೈವ್ ಕೇಂದ್ರದವರನ್ನು ಕೇಳಿ. ಜೊತೆಗೆ ಇವನ್ನೂ ಕೇಳಿ: ಬೋಟ್ ಲಂಗರು ಹಾಕದೆ ಹಿಂಬಾಲಿಸುತ್ತದೆಯಾ, ಒಬ್ಬ ಗೈಡ್‌ಗೆ ಎಷ್ಟು ಮಂದಿ (ನಾಲ್ಕು ಸರಿ, ಆರು ಗರಿಷ್ಠ), ತುರ್ತಾಗಿ ವಾಪಸ್ ಕರೆಯುವ ಸಂಜ್ಞೆ ಏನು. ಏಣಿಗೆ ಕಬ್ಬಿಣ ಬಡಿಯುವುದೋ, ಎಂಜಿನ್ ರೇಸ್ ಮಾಡುವುದೋ, ಏನಾದರೂ ಒಂದು ನಿಗದಿಯಾಗಿರಬೇಕು. ನೇರ ಉತ್ತರ ಕೊಡದ ಕೇಂದ್ರದ ಜೊತೆ ಹೋಗಬೇಡಿ.

ಟಿಳಕವಾಡಿ ಈಜುಗ, ಬೆಳಗಾವಿ

ಘಟ್ಟದ ಮಾತು ನಮ್ಮ ಆರು ಮಂದಿಯೊಳಗ ಯಾರ ತಲ್ಯಾಗೂ ಇರಲಿಲ್ರಿ. ನೇತ್ರಾಣಿಗೆ ಎರಡು ರಾತ್ರಿ ರೂಮ್ ಬುಕ್ ಮಾಡ್ತೀವಿ. ಕೊನೀ ಪ್ರಶ್ನೆ: ಎಲ್ಲಾರೂ ಒಟ್ಟಿಗೆ ಇಳೀತಿರೂವಾಗ ನೀರಿನ ಒತ್ತಡಕ್ಕ ಕಟ್ಟಿದ ಒಬ್ಬರ ಕಿವಿ ಬಿಡದಿದ್ರ ಏನ್ ಮಾಡೂದು? ಸೆಳವು ನಿಲ್ಲೂದಿಲ್ಲಲ್ಲ.

ಮಲಪ್ರಭಾ, ಸವದತ್ತಿ

ಮೂಗು ಹಿಡಿದು ಒತ್ತಾಯ ಮಾಡಿ ಊದಬಾರದು. ಕಿವಿ ತೋರಿಸಿ ಸಂಜ್ಞೆ ಮಾಡಿ, ಒಂದು ಮೀಟರ್ ಮೇಲೇರಿ, ತಲೆ ಮೇಲಾಗಿ ನಿಂತು, ಎಂಜಲು ನುಂಗಿ ಮತ್ತೆ ಮೆಲ್ಲಗೆ ಪ್ರಯತ್ನಿಸಿ. ಜೊತೆಗಾರ ಅದೇ ಎತ್ತರಕ್ಕೆ ಬರಬೇಕು, ಆಗ ಇಬ್ಬರೂ ಒಂದೇ ವೇಗದಲ್ಲಿ ಸಾಗುತ್ತೀರಿ. ಉಳಿದವರು ಹವಳದ ಹತ್ತಿರದ ನಿಧಾನ ನೀರಿಗೆ ಇಳಿಯದೆ ಅಲ್ಲೇ ನಡುನೀರಿನಲ್ಲಿ ಕಾಯಲಿ. ಮೂರು ಪ್ರಯತ್ನಕ್ಕೂ ಬಿಡದಿದ್ದರೆ ಆ ಜೋಡಿ ಬಲೂನು ಬಿಟ್ಟು ಮೇಲೆ ಹೋಗಲಿ. ಉಳಿದ ನಾಲ್ವರು ಮುಂದುವರಿಯಬೇಕೋ ಎಲ್ಲರೂ ಮೇಲೆ ಬರಬೇಕೋ ಅನ್ನುವುದನ್ನು ಬೋಟಿನಲ್ಲೇ ತೀರ್ಮಾನಿಸಿಕೊಂಡು ಇಳಿಯಿರಿ, ಬೋಟ್ ನಡೆಸುವವರಿಗೂ ಅದು ಗೊತ್ತಿರಲಿ. ನೆಗಡಿ ಇದ್ದವರು ಆ ದಿನ ನೀರಿಗೇ ಇಳಿಯಬಾರದು. ಮೂಗು ಕಟ್ಟಿದ್ದಕ್ಕೆ ಮಾತ್ರೆ ನುಂಗಿ ಇಳಿದರೆ ನೀರಿನೊಳಗೇ ಅದರ ಪ್ರಭಾವ ಇಳಿದು, ಮೇಲೆ ಬರುವಾಗ ಕಿವಿಯೊಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ.